ಇಪ್ಪತ್ತೊಂದು ನಂಬರ್ ಎಲ್ಲಿ ಹೋಯಿತು?

ಕಾಲಿನ ಅಳತೆ ನೋಡದೆ ಚಪ್ಪಲಿ ಕೊಳ್ಳುವವರನ್ನು ನಾನು ಕಂಡಿಲ್ಲ. ನಟ್ಟಿನ ಅಳತೆ ನೋಡದೆ, ಅದರ ಮೇಲೆ ಟೋಪಿಯಂತೆ ಕೂತು ಬಿಚ್ಚುವ ಕೊಳವೆಯಂಥ ಸಾಕೆಟ್ ಹಿಡಿಯುವವರು ಮಾತ್ರ ದಿನಾ ಒಬ್ಬರಾದರೂ ಸಿಗುತ್ತಾರೆ. ದೇವದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಅಂಗಡಿ. ಔಷಧಿ ಹೊಡೆಯುವ ಸ್ಪ್ರೇ ಮಷಿನ್, ನೀರೆತ್ತುವ ಪಂಪು, ಸಣ್ಣ ಜನರೇಟರ್, ಇವುಗಳ ಇಂಜಿನ್ ರಿಪೇರಿ ನನ್ನ ಕಸುಬು. ಕೈ ಕಪ್ಪಾದರೂ ನಗುವಿಗೆ ಬರ ಇಲ್ಲ.

ಒಂದು ತಾಸು ಬಿಸಿಲು

ಮಸರಕಲ್ಲಿನ ಹಿರಿಯರೊಬ್ಬರು ಅಜ್ಜನ ಕಾಲದ ಪಂಪಿನ ಇಂಜಿನ್ ತಂದರು. ಅದರ ನಟ್ಟಿಗೆ ಹನ್ನೊಂದು ನಂಬರ್ ಸಾಕೆಟ್ ಇಳಿಯಲಿಲ್ಲ. ಹನ್ನೆರಡು ಹಾಕಿದರೆ ಸಾಕೆಟ್ ಗಿರಗಿರ ತಿರುಗಿತು, ನಟ್ಟು ಕೂತಲ್ಲೇ ಕೂತಿತ್ತು.

“ಇದು ಇಂಚಿನ ಲೆಕ್ಕದ್ದು ಯಜಮಾನ್ರ. ನಮ್ಮ ಮಿಲಿಮೀಟರ್ ಸಾಕೆಟ್ ಹೊಂದಂಗಿಲ್ಲ,” ಎಂದೆ.

“ಅದೇನಿಲ್ರೀ, ಉಬ್ಬೇದ. ಮಳಿಗಾಲದಾಗ ನಮ್ಮ ಮನಿ ಬಾಗಲಾನೂ ಹಿಂಗ ಉಬ್ಬತದ. ಒಂದು ತಾಸು ಬಿಸಲಾಗ ಇಡ್ರಿ.”

“ಕಬ್ಬಿಣ ಬಿಸಲಿಗೆ ಸಣ್ಣ ಆಗ್ತದೇನ್ರೀ?”

ಅವರು ತಮ್ಮ ಒಣಕಲು ತೋಳನ್ನು ಮುಂದೆ ಚಾಚಿದರು. “ನಮ್ಮ ಬಿಸಲಿಗೆ ನಾನೇ ಇಷ್ಟು ಸಣ್ಣ ಆಗೀನಿ. ಕಬ್ಬಿಣ ಯಾವ ಲೆಕ್ಕ?”

ಝುಮಕಿ ಮತ್ತು ಕಬ್ಬಿಣ

ಮಗಳ ಮದುವೆ ಚೀಕಲಪರ್ವಿಯ ಹುಡುಗನೊಂದಿಗೆ ಗೊತ್ತಾಯಿತು. ಮಾತುಕತೆ ಮುಗಿಸಿದ ಬೀಗರು ಬಸ್ಸಿಗೆ ಕಾಯುತ್ತ ನನ್ನ ಅಂಗಡಿಯಲ್ಲೇ ಕೂತು ಚಹಾ ಕುಡಿದರು. ಹುಡುಗನ ಅಜ್ಜಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ, ಆದರೂ ಎಲೆ-ಅಡಿಕೆ ಬಿಟ್ಟವರಲ್ಲ. ಅವರು ನನ್ನ ಸಾಮಾನುಗಳನ್ನೆಲ್ಲ ಮುಟ್ಟಿ ನೋಡಿ, “ಚಲೋ ಚಲೋ ಸಾಮಾನ ಇಟ್ಟೀಯಪ್ಪ,” ಎಂದರು. ನಾನು ಉಬ್ಬಿಹೋಗಿ, “ಎಲ್ಲಾ ನಿಮ್ದೇ ಯವ್ವಾ,” ಎಂದೆ. ಬಾಗಿಲಿಗೆ ಬಂದ ಬೀಗರಿಗೆ ಇನ್ನೇನು ಹೇಳುತ್ತಾರೆ?

ಮರುದಿನ ನೋಡಿದರೆ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚುವ ಇಪ್ಪತ್ತೊಂದು ನಂಬರಿನ ಉದ್ದ ಸಾಕೆಟ್ ಇಲ್ಲ. ಬಂದ ಗಿರಾಕಿಗಳ ಮೇಲೆಲ್ಲ ಗುಮಾನಿ ಪಟ್ಟೆ. ಕೊನೆಗೆ ಹೆಂಡತಿಯ ಪೆಟ್ಟಿಗೆಗೂ ಕೈ ಹಾಕಿದೆ.

“ನನ್ನ ಝುಮಕಿ ಕಳದಾಗ ಹೋಗ್ಲಿ ಬಿಡು ಅಂದ್ರಿ. ಈಗ ಈ ಕಬ್ಬಿಣಕ್ಕ ಊಟಾ ಬಿಟ್ಟೀರಿ?” ಎಂದಳು.

“ಝುಮಕಿಲಿಂದ ಪ್ಲಗ್ ಬಿಚ್ಚಾಕ ಬರ್ತದೇನ?” ಎಂದುಬಿಟ್ಟೆ. ಅವತ್ತು ಊಟ ನಾನು ಬಿಟ್ಟಿದ್ದಲ್ಲ, ಸಿಗಲೇ ಇಲ್ಲ.

ಗಟ್ಟಿ ಕೂತದ

ಭಾವಮೈದುನ ಲಗ್ನಪತ್ರಿಕೆ ತರಲು ರಾಯಚೂರಿಗೆ ಹೊರಟಿದ್ದ. ತಪ್ಪಬಾರದೆಂದು ಒಂದು ಹಳೆಯ ಪ್ಲಗ್ಗನ್ನೇ ಕೈಗೆ ಕೊಟ್ಟು, “ಇದಕ್ಕ ಕೂಡೋ ಉದ್ದ ಸಾಕೆಟ್ ತಗೊಂಡ್ಬಾ,” ಎಂದೆ. ಸಂಜೆ ನಗುತ್ತ ಬಂದ. ತಂದ ಸಾಕೆಟ್ ಕಿರುಬೆರಳಿಗೂ ಬಿಗಿಯಾಗುವಂತಿತ್ತು.

“ಮಾಮಾ, ಅಂಗಡಿಯಾಗ ಹಾಕೇ ನೋಡೀನಿ. ಗಟ್ಟಿ ಕೂತದ, ಅಳ್ಳಾಡಂಗಿಲ್ಲ.”

ಹಾಕಿ ತೋರಿಸಿದ. ವಾಯರ್ ಸಿಕ್ಕಿಸುವ ಪ್ಲಗ್ಗಿನ ತುದಿಗೆ ಅದು ನಿಜವಾಗಿಯೂ ಗಟ್ಟಿಯಾಗಿ ಕೂತಿತು. ಬಿಚ್ಚುವುದು ನಡುವಿನ ಆರು ಮೂಲೆ ಹಿಡಿದು ಎಂದು ತಿಳಿಸಿ ಹೇಳಿದೆ.

“ಅದನ್ನ ಮೊದಲ ಹೇಳಬೇಕಿಲ್ಲೋ? ಟೋಪಿ ಅಂದಮ್ಯಾಲ ತಲಿಗೇ ನೋಡಿ ತರ್ತಾರ, ಸೊಂಟಕ್ಕಲ್ಲ,” ಎಂದು ನನ್ನನ್ನೇ ಬೈದ.

ಟಕ್ ಟಕ್

ಮದುವೆ ಮಾನ್ವಿಯ ಕಲ್ಯಾಣ ಮಂಟಪದಲ್ಲಿ. “ಕರೆಂಟ್ ಹೋದರ ಹೋಗ್ಲಿ, ನನ್ನ ಜನರೇಟರ್ ಅದ,” ಎಂದು ಬೀಗರ ಮುಂದೆ ಮೀಸೆ ತಿರುವಿದ್ದೆ. ಅಕ್ಷತೆಗೆ ಇನ್ನೇನು ಹೊತ್ತಾಯಿತು ಅನ್ನುವಾಗ ಕರೆಂಟ್ ಹೋಯಿತು. ನನ್ನ ಜನರೇಟರ್ ನಾಲ್ಕು ಸಲ ಕೆಮ್ಮಿ ತಾನೂ ನಿಂತಿತು. ಮೈಕಿಲ್ಲ, ಫ್ಯಾನಿಲ್ಲ, ಊಟದ ಮನೆಯ ನಲ್ಲಿಯಲ್ಲಿ ನೀರಿಲ್ಲ. ಪ್ಲಗ್ಗಿಗೆ ಮಸಿ ಹಿಡಿದಿದೆ ಎಂದು ಗೊತ್ತಾಯಿತು, ಆದರೆ ಅದು ಕೂತಿದ್ದ ಸಂದಿಗೆ ಆ ಉದ್ದ ಸಾಕೆಟ್ ಬಿಟ್ಟು ಬೇರೇನೂ ಇಳಿಯುವುದಿಲ್ಲ. ಮದುವೆಯ ಓಡಾಟದಲ್ಲಿ ಇನ್ನೊಂದು ತರಿಸುವುದು ಉಳಿದೇಹೋಗಿತ್ತು.

“ಮೆಕ್ಯಾನಿಕ್ ಬೀಗರ ಮಷಿನ್ನೇ ಹಿಂಗಾದ್ರ ಹೆಂಗ?” ಎಂದು ಗಂಡಿನ ಕಡೆಯವರೊಬ್ಬರು ಅಂದರು. ಮಗಳು ಮಂಟಪದಿಂದಲೇ ನನ್ನ ಕಡೆ ನೋಡಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಎಲ್ಲಿಂದಲೋ ಟಕ್ ಟಕ್ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಹುಡುಗನ ಅಜ್ಜಿ ಕಲ್ಲಿನ ಮೆಟ್ಟಿಲ ಮೇಲೆ ನನ್ನ ಇಪ್ಪತ್ತೊಂದು ನಂಬರನ್ನು ನೆಟ್ಟಗೆ ನಿಲ್ಲಿಸಿ, ಒಳಗೆ ಅಡಿಕೆ ಹಾಕಿ, ಬೋಲ್ಟಿನಿಂದ ಕುಟ್ಟುತ್ತಿದ್ದಾರೆ. ಆ ಬೋಲ್ಟೂ ನನ್ನದೇ.

“ಯವ್ವಾ, ಇದು ನಿಮ್ಮ ಕಡಿ ಹೆಂಗ ಬಂತು?”

“ನೀನ ಅಲ್ಲೇನಪ್ಪ, ಎಲ್ಲಾ ನಿಮ್ದೇ ಅಂದಾಂವ? ನನ್ನ ಕುಟ್ಟಾಣಿ ಒಡದಿತ್ತು.”

“ಒಂದು ನಿಮಿಷ ಕೊಡ್ರಿ ಯವ್ವಾ, ಮದುವಿ ನಿಂತದ.”

“ತಡಿಯಪ್ಪ. ಅಡಿಕಿ ಇನ್ನಾ ನುಣ್ಣಗಾಗಿಲ್ಲ.”

ಮಂತ್ರ ಹೇಳುವ ಅಯ್ಯನವರು, ಮದುಮಕ್ಕಳು, ಅಕ್ಷತೆ ಹಿಡಿದ ಮಂದಿ, ಎಲ್ಲರೂ ಅಡಿಕೆ ನುಣ್ಣಗಾಗುವುದನ್ನೇ ಕಾದೆವು. ಅಜ್ಜಿ ಬಾಯಿಗೆ ಹಾಕಿಕೊಂಡು, ಸೆರಗಿನಿಂದ ಒರೆಸಿ ಕೊಟ್ಟರು. ಪ್ಲಗ್ ಬಿಚ್ಚಿ ಮಸಿ ಒರೆಸಿ ಹಗ್ಗ ಎಳೆದೆ. ಇಂಜಿನ್ ಶುರುವಾಯಿತು, ಫ್ಯಾನ್ ತಿರುಗಿತು, ಅಕ್ಷತೆ ಬಿತ್ತು. ಖುಷಿಗೆ ನನ್ನ ಕಣ್ಣು ತುಂಬಿತ್ತು.

ಊಟ ಮುಗಿದ ಮೇಲೆ ಸಾಕೆಟ್ಟನ್ನು ಸೋಪು ಹಚ್ಚಿ ತೊಳೆದು ಅಜ್ಜಿಯ ಕೈಗೇ ಇಟ್ಟೆ. ಬೀಗರಿಗೆ ಕೊಟ್ಟ ಮಾತಲ್ಲವೇ? ಅವರು ಮೂಸಿ ನೋಡಿ ಚೀಲಕ್ಕೆ ಹಾಕಿಕೊಂಡು, ನನ್ನನ್ನು ಹತ್ತಿರ ಕರೆದರು.

“ನನ್ನ ತಂಗಿಗೂ ಹಲ್ಲಿಲ್ಲಪ್ಪ. ಆಕಿ ಅಡಿಕಿ ಜಾಸ್ತಿ ಹಾಕ್ತಾಳ. ಆಕಿಗೆ ಇದರಕಿಂತ ಒಂದು ನಂಬರ್ ದೊಡ್ಡದು ನೋಡಿ ಕೊಡು.”