ಗಂಡ ಹೆಂಡಿರ ವಕೀಲನ ಪಾಡು

ಹಾಸನದ ಕೋರ್ಟಿನಲ್ಲಿ ಜಮೀನಿನ ಕೇಸು ನಡೆಸಿಕೊಂಡು ತಣ್ಣಗಿರೋಣವೆಂದು ಕರಿಕೋಟು ತೊಟ್ಟವನು ನಾನು. ಯಾವ ಗಳಿಗೆಯಲ್ಲೋ ಗಂಡ ಬಿಟ್ಟ ಒಬ್ಬ ಹೆಣ್ಣುಮಗಳ ಕೇಸು ಗೆದ್ದುಬಿಟ್ಟೆ. ಅಲ್ಲಿಂದಾಚೆಗೆ ಸುತ್ತಲ ತಾಲ್ಲೂಕುಗಳಲ್ಲಿ ಮುನಿಸಿಕೊಂಡ ಗಂಡ ಹೆಂಡಿರೆಲ್ಲ ನನ್ನ ಮನೆ ಹುಡುಕಿಕೊಂಡು ಬರತೊಡಗಿದರು. ಇದು ಐವತ್ತೈದನೇ ಇಸವಿಗೆ ಮುಂಚಿನ ಮಾತು; ಆಗ ನಮ್ಮ ಹಿಂದೂಗಳಿಗೆ ವಿಚ್ಛೇದನದ ಕಾನೂನೇ ಇರಲಿಲ್ಲ. ಹೆಚ್ಚೆಂದರೆ ಬೇರೆ ವಾಸ, ಜೀವನಾಂಶ, ಮಕ್ಕಳು ಯಾರ ಹತ್ತಿರ ಅನ್ನುವುದು. ಇದನ್ನು ದಿನಕ್ಕೆ ನಾಲ್ಕು ಸಲ ಹೇಳಿ ನನ್ನ ಗಂಟಲು ಕೆಟ್ಟಿತೇ ಹೊರತು ಬರುವವರು ನಿಲ್ಲಲಿಲ್ಲ.

ವಕೀಲರ ಪರೀಕ್ಷೆ

ಮಲ್ಲಿಪಟ್ಟಣದ ಕಡೆಯ ಮುದುಕರೊಬ್ಬರು, ಗಂಡನ ಮನೆ ಬಿಟ್ಟು ಬಂದಿದ್ದ ಮಗಳನ್ನು ಕರೆತಂದರು. ಜಗಲಿಯ ಮೇಲೆ ಕೂತವರೇ ನನ್ನ ವಿಚಾರಣೆ ಶುರುಮಾಡಿದರು.

"ಸಾ, ನಿಮ್ಮನೇಲಿ ಗಂಡ ಎಂಡ್ರು ಜಗಳ ಆಯ್ತದಾ?"

"ಛೇ, ಇಲ್ಲಪ್ಪ" ಎಂದೆ ಗತ್ತಿನಿಂದ.

ಮುದುಕರು ಟವಲು ಕೊಡವಿ ಎದ್ದೇಬಿಟ್ಟರು. "ಏಳವ್ವ, ಓಗಾನ. ಇವ್ರಿಗೆ ಇದ್ರಲ್ಲಿ ಅನುಭವ ಸಾಲ್ದು."

ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿಯ ದನಿ ಕೇಳಿಸಿತು: "ಸೀಗೇಕಾಯಿ ತನ್ನಿ ಅಂತ ಮೂರು ದಿನದಿಂದ ಬಡ್ಕೋತಾ ಇದೀನಿ. ಊರೋರ ಸಂಸಾರ ಸರಿಮಾಡೋಕೆ ಮಾತ್ರ ಪುರುಸೊತ್ತಿದೆ!"

ಮುದುಕರು ಮತ್ತೆ ಕೂತರು. "ಕೂತ್ಕೊಳವ್ವ, ಇವ್ರೇ ಆಯ್ತಾರೆ."

ಜಗಳದ ಕಾರಣ

ಅರಕಲಗೂಡಿನ ರೈತನೊಬ್ಬ ಬಂದ. "ಎಂಡ್ತಿ ಮೂರ್ ವರ್ಸದಿಂದ ನನ್ನ ಮಾತಾಡ್ಸಿಲ್ಲ ಸಾ. ಬುಡಿಸ್ಕೊಡಿ."

"ಯಾತಕ್ಕೆ ಜಗಳವಾಯಿತು?"

"ಮರ್ತೋಗದೆ ಸಾ. ಅವಳ್ನೇ ಕೇಳಾನ ಅಂದ್ರೆ ಮಾತಾಡಕಿಲ್ವಲ್ಲ!"

ಎದುರು ಪಾರ್ಟಿಗೆ ವಕೀಲ

ಹೊಳೆನರಸೀಪುರದ ಶಾಲಾ ಮೇಷ್ಟರೂ ಅವರ ಹೆಂಡತಿಯೂ ಒಬ್ಬರ ಮೇಲೊಬ್ಬರು ಕೇಸು ಹಾಕಲು ಒಂದೇ ಬಸ್ಸಿನಲ್ಲಿ ಬಂದರು. ಹೆಂಡತಿ ಮೊದಲು ಒಳಗೆ ಬಂದು ವಕಾಲತ್ತಿಗೆ ಸಹಿ ಹಾಕಿ ಹೊರಗೆ ಹೋದರು. ಆಮೇಲೆ ಮೇಷ್ಟರು ಬಂದರು.

"ನಾನೀಗ ಅವರ ವಕೀಲ. ನಿಮ್ಮ ಕಡೆ ನಿಲ್ಲುವಂತಿಲ್ಲ" ಎಂದೆ.

"ಹಾಗಾದರೆ ಬೇರೆ ಯಾರನ್ನಾದರೂ ತೋರಿಸಿ ಸ್ವಾಮಿ. ನನಗೆ ಈ ಊರಲ್ಲಿ ಯಾರೂ ಗೊತ್ತಿಲ್ಲ."

ಎದುರು ಮನೆಯ ವಕೀಲರನ್ನು ತೋರಿಸಿದೆ. ತಕ್ಷಣ ಬಾಗಿಲಾಚೆಯಿಂದ ಮೇಷ್ಟರ ಹೆಂಡತಿಯ ಮಾತು: "ಅಯ್ಯೋ, ಅವರು ಬೇಡ. ಅವರ ಕೂಗಾಟ ಬೀದಿಗೆಲ್ಲ ಕೇಳಿಸ್ತಿದೆ. ಯಾರಾದ್ರೂ ಗದರಿದ್ರೆ ನಮ್ಮವರಿಗೆ ಎದೆ ಹೊಡ್ಕೊಳುತ್ತೆ."

"ಇಷ್ಟು ಅಕ್ಕರೆಯಿದ್ದರೆ ಮನೆಗೆ ಹೋಗಿ ತಾಯಿ" ಎಂದೆ, ಸಾಕಾಗಿ.

"ಆ ಮನೆಗೆ ನಾನು ಕಾಲಿಡಲ್ಲ!" ಎಂದರು. ಆಮೇಲೆ ಇಬ್ಬರೂ ಸೇರಿ, ಮೆತ್ತಗೆ ಮಾತಾಡುವ ವಕೀಲರನ್ನು ಹುಡುಕಲು ಹೊರಟರು.

ಮಗು ಯಾರಿಗೆ?

ಚನ್ನರಾಯಪಟ್ಟಣದ ಗಂಡ ಹೆಂಡಿರದು ಆರು ವರ್ಷದ ಮಗಳಿಗಾಗಿ ನಡೆದ ಕೇಸು. ನಾನು ತಾಯಿಯ ಕಡೆ. ಮಗು ಕೈತಪ್ಪಿದರೆ ಹೇಗೆಂದು ಆಕೆ ಅತ್ತದ್ದು ನೋಡಿ ನನಗೂ ಎರಡು ದಿನ ಅನ್ನ ಸೇರಿರಲಿಲ್ಲ. ವಿಚಾರಣೆಯ ದಿನ ಗಂಡ ಹೆಂಡಿರು ವಕೀಲರಿಗೆ ಬಾಯಿ ತೆರೆಯಲೂ ಬಿಡದೆ ಕಚ್ಚಾಡಿದರು. ನ್ಯಾಯಾಧೀಶರು ಮೇಜು ಗುದ್ದಿ ಗದರಿದ ಮೇಲೆಯೇ ಸುಮ್ಮನಾದದ್ದು. ಆಮೇಲೆ ಅವರು ಮಗುವನ್ನು ಹತ್ತಿರ ಕರೆದು ಕೇಳಿದರು:

"ಯಾರ ಜೊತೆ ಇರ್ತೀಯಮ್ಮ? ಅವ್ವನ ಜೊತೆಗೋ, ಅಪ್ಪನ ಜೊತೆಗೋ?"

ಮಗು ಇಬ್ಬರನ್ನೂ ನೋಡಿತು. "ನಿಮ್ ಜೊತೆ."

"ನನ್ನ ಜೊತೆಯಾ? ಯಾಕಮ್ಮ?"

"ನೀವು ಮೇಜು ಗುದ್ದುದ್ರೆ ಇಬ್ರೂ ಸುಮ್ಕಾಯ್ತರೆ."

ಕೋರ್ಟೆಲ್ಲ ನಕ್ಕಿತು. ಗಂಡ ಹೆಂಡಿರು ತಲೆ ತಗ್ಗಿಸಿದರು. ಮಗು ತಾಯಿಯ ಹತ್ತಿರ ಇರಲಿ, ಸಂತೆಯ ದಿನ ತಂದೆ ಬಂದು ನೋಡಲಿ ಎಂದು ತೀರ್ಪಾಯಿತು. ಅಬ್ಬ ಎಂದು ನಾನು ಕಾಗದ ಕಟ್ಟುತ್ತಿದ್ದೆ. ತಾಯಿಯ ಕೈ ಹಿಡಿದು ಹೊರಟ ಮಗು ಬಾಗಿಲಲ್ಲಿ ನಿಂತು ತಿರುಗಿ ನ್ಯಾಯಾಧೀಶರನ್ನು ಕೇಳಿತು:

"ಸಂತೆ ದಿನ ನೀವೂ ಮೇಜು ತಕ್ಕೊಂಡ್ ಬತ್ತೀರಾ?"