ಶ್ರುತಿ ತಪ್ಪಿದ ಮಾವ

ನನ್ನ ಸೋದರಮಾವನೊಂದಿಗೆ ಮಾತಾಡುವುದು ಸುಲಭದ ಕೆಲಸವಲ್ಲ. ಮೊದಲು ಅವನ ಹಿಂದೆ ಓಡಬೇಕು, ಆಮೇಲೆ ಅವನ ಕಿವಿಯಿಂದ ಏನನ್ನಾದರೂ ಕಿತ್ತು ತೆಗೆಯಬೇಕು. ಇವೆರಡೂ ಆಗುವಷ್ಟರಲ್ಲಿ ನಿಮಗೆ ಹೇಳಬೇಕಾಗಿದ್ದ ಮಾತೇ ಮರೆತುಹೋಗಿರುತ್ತದೆ!

ಮಾವನದು ಮಾನ್ವಿ. ಅಕ್ಕಿಯ ದಲ್ಲಾಳಿ. ಮಾನ್ವಿ, ಪೋತ್ನಾಳದ ಗಿರಣಿಗಳಲ್ಲಿ ಮಾದರಿ ಅಕ್ಕಿಯ ಪೊಟ್ಟಣ ಕಟ್ಟಿಸಿಕೊಂಡು ಇವತ್ತು ದೇವದುರ್ಗ, ನಾಳೆ ರಾಯಚೂರು ಎಂದು ಬಸ್ಸು ಹತ್ತಿ ಇಳಿಯುವುದೇ ಕಸುಬು. ಕಾಲಿಗೆ ಚಕ್ರ ಕಟ್ಟಿಕೊಂಡಿರುವ ಈ ಮನುಷ್ಯ ಕೂತು ಹಾಡು ಕೇಳಲಾರ. ಮನೆಯಲ್ಲಿ ದೊಡ್ಡ ರೇಡಿಯೋ ಇದ್ದರೂ ಅದನ್ನು ಮುಟ್ಟಿದವನಲ್ಲ. ಹಾಡು ಅವನ ಜೊತೆ ನಡೆಯಬೇಕು, ಬಸ್ಸು ಹತ್ತಬೇಕು, ಸಂತೆಯಲ್ಲಿ ಬದನೆಕಾಯಿ ಆರಿಸಬೇಕು.

ಮೊದಲು ಬಂದದ್ದು ಚರ್ಮದ ಚೀಲದ ಟ್ರಾನ್ಸಿಸ್ಟರ್. ಹೆಗಲಿಗೆ ಹಾಕಿಕೊಂಡು ಮೈ ತಿರುಗಿಸಿದರೆ ಸಾಕು, ಹಾಡು ಹೋಗಿ ಗೊರಗೊರ ಶುರುವಾಗುತ್ತಿತ್ತು. ಹಾಡು ಬಿಡಬಾರದೆಂದು ಮಾವ ದಾರಿಯನ್ನೇ ಬಿಟ್ಟುಬಿಡುತ್ತಿದ್ದ. ಒಮ್ಮೆ ಗಿರಣಿಗೆ ಹೊರಟವನು ಹಾಡು ಸ್ವಚ್ಛ ಕೇಳಿಸುವ ದಿಕ್ಕಿಗೇ ನಡೆದು, ಯಾರದೋ ಗದ್ದೆಯ ಕೆಸರಲ್ಲಿ ನಿಂತಿದ್ದನಂತೆ. ಗದ್ದೆಯವರು "ಇಲ್ಲೇನು ಮಾಡಾಕತ್ತೀರಿ?" ಎಂದು ಕೇಳಿದರೆ, "ಸ್ವಲ್ಪ ತಡೀರಿ, ಪಲ್ಲವಿ ಮುಗೀಲಿ" ಎಂದನಂತೆ.

ಸೆಲ್ಲು ಸೋತರೆ ಹೊಸದು ತರುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಮಾಳಿಗೆಯ ಮೇಲೆ ಅತ್ತೆ ಒಣಹಾಕಿದ ಹಪ್ಪಳದ ಪಕ್ಕ ಅವನ್ನೂ ಬಿಸಿಲಿಗೆ ಇಡುತ್ತಿದ್ದ. ನಮ್ಮ ಕಡೆ ಬಿಸಿಲಿಗೇನು ಬರವೇ? ಸಂಜೆ ಹಪ್ಪಳ, ಸೆಲ್ಲು ಎರಡೂ ಒಂದೇ ಮೊರದಲ್ಲಿ ಕೆಳಗಿಳಿಯುತ್ತಿದ್ದವು. ಹಾಗೆ ಇಳಿದ ಒಂದು ಸೆಲ್ಲು ಅಕ್ಕಿಯ ಪೊಟ್ಟಣ ಸೇರಿ ದೇವದುರ್ಗದ ವ್ಯಾಪಾರಿಯೊಬ್ಬರ ಅಂಗೈಗೆ ಬಿತ್ತು. ಅವರು ಅದನ್ನು ತಿರುಗಿಸಿ ನೋಡಿ, "ಅಕ್ಕಿ ಛಲೋ ಅದರೀ. ಆದ್ರ ಕಾಳು ಸ್ವಲ್ಪ ದಪ್ಪಾತು" ಎಂದರಂತೆ.

ವಾಕ್‌ಮನ್ ಬಂದ ಮೇಲೆ ನಿಜವಾದ ತೊಂದರೆ ಶುರುವಾಯಿತು. ಕಿವಿ ಮುಚ್ಚಿಕೊಂಡು ಹಾಡು ಕೇಳುವವರು ತಾವೂ ಹಾಡತೊಡಗಿದರೆ ಏನಾಗುತ್ತದೆ ಗೊತ್ತಲ್ಲ? ತನ್ನ ದನಿ ತನಗೇ ಕೇಳದ ಮಾವ ಬಸ್ಸಿನ ತುಂಬ ಅಪಸ್ವರ ಹರಡುತ್ತಿದ್ದ. ಒಂದು ದಿನ ಕಂಡಕ್ಟರು ಅವನ ಕಿವಿಯ ಸ್ಪಂಜು ಸರಿಸಿ ಹೇಳಿದ: "ಸಾವ್ಕಾರ್ರ, ನಿಮಗ ಹಾಡು ಕೇಳ್ಸಾಕತ್ತದ. ನಮಗ ನೀವಷ್ಟ ಕೇಳ್ಸಾಕತ್ತೀರಿ."

ಮನೆಯಲ್ಲಿ ಅತ್ತೆಯ ಕಾಟ. ಆಕೆ ವಾರವಾರ ಮಠದಲ್ಲಿ ಭಜನೆ ಹಾಡುವವಳು, ಶ್ರುತಿ ಬಲ್ಲವಳು. ರೊಟ್ಟಿ ಬಡಿಯುತ್ತಿದ್ದರೂ ಎದ್ದು ಬಂದು, ಹಿಟ್ಟಿನ ಕೈಯಲ್ಲೇ ವಯರು ಜಗ್ಗಿ, "ಶ್ರುತಿ ತಪ್ಪ್ಯಾದ" ಎಂದು ಹೇಳಿ ಹೋಗುತ್ತಿದ್ದಳು. ಮಾವನ ಯಂತ್ರಗಳಿಗೆಲ್ಲ ಹಿಟ್ಟು ಮೆತ್ತಿಕೊಂಡಿರುತ್ತಿತ್ತು.

ಯಂತ್ರಗಳಿಗೇನು ಕೊನೆಯೇ! ರಸ್ತೆಯ ಗುಂಡಿಗೊಂದು ಸಾಲು ಹಾರಿಸುತ್ತಿದ್ದ ಸಿ.ಡಿ. ಪ್ಲೇಯರ್ ಬಂತು, ಹೋಯಿತು. ಬೆರಳುದ್ದದ ಎಂಪಿತ್ರೀ ಅಂಗಿಯ ಜೇಬಲ್ಲೇ ಒಗೆತಕ್ಕೆ ಹೋಯಿತು. ಆಮೇಲೆ ರಾಯಚೂರಿನ ಅಂಗಡಿಯಲ್ಲಿ ಹಾಡು ತುಂಬಿಸಿದ ಮೊಬೈಲು, ಅದರ ಬೆನ್ನಿಗೇ ವಯರಿಲ್ಲದ ಇಯರ್‌ಬಡ್. ಬಿಳಿಯದು. ಅದರಲ್ಲೊಂದು ಪೋತ್ನಾಳದ ಗಿರಣಿಯ ಅಕ್ಕಿಯ ರಾಶಿಗೆ ಬಿತ್ತು. ಅದನ್ನು ಹುಡುಕುವುದರಲ್ಲಿ ಗಿರಣಿಯವರ ಅರ್ಧ ದಿನ ಹಾಳು.

ಈಚೆಗೊಮ್ಮೆ ಮಾವ ರಾಯಚೂರಿನ ನಮ್ಮ ಮನೆಗೆ ಪೇಢೆ ಹಿಡಿದುಕೊಂಡು ಬಂದ. ಚಪ್ಪಲಿ ಕಳಚುವ ಮೊದಲೇ ಸುದ್ದಿ ಹೇಳಿದ: "ನಿಮ್ಮತ್ತಿ ಬಯ್ಯೋದು ಬಿಟ್ಟಾಳಲೇ. ನನ್ನ ಶ್ರುತಿ ಕೂಡೇದ." ನಾವು ಪೇಢೆ ತಿಂದೆವು. ಮಾವ ಒಂದು ಚರಣ ಹಾಡಿದ. ತಪ್ಪಿದ ಶ್ರುತಿ ತಪ್ಪಿದಲ್ಲೇ ಇತ್ತು. ನಾವು ಇನ್ನೊಂದು ಪೇಢೆ ಬಾಯಿಗೆ ಹಾಕಿಕೊಂಡೆವು.

ಕೆಲವು ದಿನಗಳ ಮೇಲೆ ಅವನೇ ಹೇಳಿದ್ದು. ಒಂದು ದಿನ ತನ್ನ ಮನೆಯ ಬಾಗಿಲಲ್ಲಿ ನಿಂತು ಕಿವಿಯಿಂದ ಬಡ್ ತೆಗೆದರೆ, ಒಳಗೆ ಕುಕ್ಕರು ಒಂದೇ ಸಮನೆ ಕೂಗುತ್ತಿತ್ತಂತೆ. ಅತ್ತೆ ಅದಕ್ಕೆ ಬೆನ್ನು ಹಾಕಿ ನೆಮ್ಮದಿಯಾಗಿ ಅಕ್ಕಿ ಆರಿಸುತ್ತಿದ್ದಳು. ಮಾವ ಹೆಸರು ಹಿಡಿದು ಕರೆದ. ಆಕೆ ತಿರುಗಲಿಲ್ಲ.

ಅಂದಿನಿಂದ ಅವನ ಹಾಡು ನಿಂತಿತು. ಮೊದಲು ಕೂತರೆ ನಿಲ್ಲಬೇಕೆನ್ನುತ್ತಿದ್ದವನಿಗೆ ಈಗ ನಿಂತರೂ ಸಮಾಧಾನವಿಲ್ಲ. ರಾಯಚೂರಿಗೆ ಓಡಿ ಇದ್ದುದರಲ್ಲೇ ಜೋರು ದನಿಯ ಹೆಡ್‌ಫೋನು ಕೇಳಿದ. ಅವನ ಯಂತ್ರಗಳನ್ನೆಲ್ಲ ರಿಪೇರಿ ಮಾಡಿದ ಅಂಗಡಿಯ ಭಾಯಿ, ಯಾರಿಗೆಂದು ತಿಳಿದು ತಲೆ ಅಲ್ಲಾಡಿಸಿದ: "ಮಾಮೂ, ಇದು ನನ್ನ ದುಕಾನದ ಕೆಲಸ ಅಲ್ಲ. ಡಾಕ್ಟರ್ ಕಡಿ ಕರ್ಕೊಂಡು ಹೋಗ್ರಿ."

ರಾಯಚೂರಿನ ಡಾಕ್ಟರು ಅತ್ತೆಯ ಕಿವಿ ಪರೀಕ್ಷೆ ಮಾಡಿ ಕಡಲೆಕಾಳಿನಷ್ಟು ಪುಟ್ಟ ಶ್ರವಣಯಂತ್ರ ಕೊಟ್ಟರು. ಮಾವ ಅದನ್ನು ಹೊಸ ಮಾಡೆಲ್ಲೆಂಬಂತೆ ತಿರುಗಿಸಿ ತಿರುಗಿಸಿ ನೋಡಿದ. ಅತ್ತೆ ಮಾತ್ರ ಡಬ್ಬಿ ತೆರೆಯಲಿಲ್ಲ. "ಮಠದಾಗ ಎಲ್ಲಾರೂ ನನ್ನ ಕಿವೀನ ನೋಡ್ತಾರ. ನಾ ಹಾಕ್ಕೊಳಂಗಿಲ್ಲ" ಎಂದಳು. ಅಸಲಿಗೆ ಭಜನೆಗೆ ಹೋಗುವುದನ್ನು ಆಕೆ ಆಗಲೇ ಬಿಟ್ಟಿದ್ದಳು. ಕಿವಿ ಕೇಳದೆ ತಾಳ ತಪ್ಪುತ್ತಿತ್ತು, ಯಾರಿಗೂ ಹೇಳಿರಲಿಲ್ಲ ಅಷ್ಟೆ. ನಾವೆಲ್ಲ ತಿಳಿಹೇಳಿ ಸೋತೆವು. ನನಗಂತೂ ಸಿಟ್ಟೇ ಬಂತು.

ಅವರನ್ನು ಮಾನ್ವಿಗೆ ಬಿಟ್ಟುಬರಲು ನಾನೂ ಬಸ್ಸು ಹತ್ತಿದೆ. ಊರು ದಾಟಿದ್ದೇ ಮಾವ ಸೀಟಿನಿಂದ ಎದ್ದ. ಅತ್ತೆಗೆ ಕೇಳಿಸಬೇಕಲ್ಲ, ಬಸ್ಸೇ ನಡುಗುವಂತೆ ಕೂಗಿದ: "ಸುತ್ತ ನೋಡಬೇ. ಯಾರ ಕಿವಿ ಖಾಲಿ ಅದ? ನಿನ್ನ ಕಿವಿ ನೋಡಾಕ ಯಾರಿಗೆ ಪುರುಸೊತ್ತದ?"

ಅತ್ತೆ ನಾಚಿ ಸೆರಗು ಎಳೆದುಕೊಂಡಳು. ಆಮೇಲೆ ಮೆಲ್ಲಗೆ ಸುತ್ತ ನೋಡಿದಳು. ಕಾಲೇಜಿನ ಹುಡುಗಿಯರ ಕಿವಿಯಲ್ಲಿ ಬಡ್, ಮಗುವಿಗೆ ಬಿಸ್ಕೀಟು ತಿನ್ನಿಸುವ ತಾಯಿಯ ಕುತ್ತಿಗೆಯಲ್ಲಿ ನೆಕ್‌ಬ್ಯಾಂಡು, ಮುದುಕರೊಬ್ಬರ ತಲೆಗೆ ಸುತ್ತಿದ ಪಟಗದೊಳಗಿಂದ ಇಳಿದ ವಯರು. ಮಾವ ಅಷ್ಟು ಕೂಗಿದರೂ ಒಬ್ಬರೂ ತಿರುಗಿ ನೋಡಿರಲಿಲ್ಲ!

ಆಕೆ ಚೀಲದಿಂದ ಡಬ್ಬಿ ತೆಗೆದಳು. ಯಂತ್ರ ಹಾಕಿಕೊಂಡು, ಇಂಜಿನ್ನಿನ ಸದ್ದಿಗೆ ಮುಖ ಕಿವುಚಿದಳು. ಮಾವ ಪಕ್ಕದಲ್ಲಿ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತ. ಅವನು ಅಷ್ಟು ಅಲುಗಾಡದೆ ಕೂತದ್ದನ್ನು ನಾನು ಕಂಡೇ ಇರಲಿಲ್ಲ.

"ಯಾಕ ಸುಮ್ಮ ಕುಂತೀರಿ? ಹಾಡ್ರಿ," ಎಂದಳು ಅತ್ತೆ.

ಯಾವ ಯಂತ್ರವೂ ಇಲ್ಲದೆ, ಸಣ್ಣ ದನಿಯಲ್ಲಿ ಮಾವ ಶುರುಮಾಡಿದ. ಒಂದು ಸಾಲು ಮುಗಿಯುವುದರೊಳಗೆ ಅತ್ತೆಯ ಹುಬ್ಬು ಗಂಟಿಕ್ಕಿತು.

"ಶ್ರುತಿ ತಪ್ಪ್ಯಾದ."

ಮಾವ ಕಿಟಕಿಯ ಕಡೆ ತಿರುಗಿ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಅದೇ ಸಾಲನ್ನು, ಅದೇ ತಪ್ಪು ಶ್ರುತಿಯಲ್ಲಿ, ಇನ್ನೊಮ್ಮೆ ಬೈಸಿಕೊಳ್ಳಲೆಂದು ಹಾಡಿದ.