ಹಾಲೂಡಿಸುವ ಗಂಟೆಗೆ ತಾತ್ವಿಕ ಒಪ್ಪಿಗೆ ನೀಡಿದ ಉಭಯ ನಿಯೋಗಗಳಿಗೆ

ಮಾನ್ಯ ನಿರ್ದೇಶಕ ಚೂ ವೇಯ್‌ಮಿನ್ ಅವರೇ, ಮಾನ್ಯ ರಾಯಭಾರಿ ಎಂಗ್‌ಸ್ಟ್ರಾಂ ಅವರೇ,

(ಹೆಸರುಗಳ ಅನುಕ್ರಮದಿಂದ ಯಾರ ಹಿರಿಮೆಗೂ ಕುಂದು ತರುವ ಉದ್ದೇಶವಿಲ್ಲ, ಬೇಕಿದ್ದವರು ಕಾಗದವನ್ನು ತಲೆಕೆಳಗಾಗಿ ಹಿಡಿದುಕೊಳ್ಳಬಹುದು.)

ಬೀಜಿಂಗಿನ ಈ ಒಣ ಚಳಿಯಲ್ಲಿ ತಮ್ಮಿಬ್ಬರ ಗಂಟಲೂ ಕ್ಷೇಮವಾಗಿರಲೆಂದು ಹಾರೈಸುತ್ತಾ, ಮಾತುಕತೆಯ ಮೇಜಿನಲ್ಲಿ ತಮ್ಮಿಬ್ಬರ ನಡುವೆ ಕುಳಿತು ಇವರ ಮಾತನ್ನು ಅವರಿಗೂ ಅವರ ಮಾತನ್ನು ಇವರಿಗೂ ದಾಟಿಸುವ ದುಭಾಷಿ ಚೀ ವಾನ್‌ಚಿಂಗ್ ಎಂಬ ನಾನು ಬಿನ್ನವಿಸಿಕೊಳ್ಳುವುದೇನೆಂದರೆ, ನನ್ನ ಆರು ತಿಂಗಳ ಮಗಳು ಮಿಯಾನ್‌ಮಿಯಾನ್ ಬಾಟಲಿಯನ್ನು ಮುಟ್ಟುವುದಿಲ್ಲ. ರಾತ್ರಿಯೆಲ್ಲ ನಾನು ನಿದ್ದೆ ಮಾಡದಂತೆ ಕಾವಲಿರುವ ಆಕೆ ಮಧ್ಯಾಹ್ನ ಮೂರಕ್ಕೆ ತಪ್ಪದೆ ಹಸಿಯುತ್ತಾಳೆ. ಅದಕ್ಕೆಂದೇ ಕಾನೂನು ನನಗೆ ದಿನಕ್ಕೊಂದು ಗಂಟೆ ಕೊಟ್ಟಿದೆ. ಕೊಡಲು ಬಾಕಿ ಇರುವವರು ತಾವಿಬ್ಬರೇ.

ಕೊಡಲಿಲ್ಲ ಎಂದರೂ ತಪ್ಪಾದೀತು. ಚೂ ಅವರು "ತಾತ್ವಿಕವಾಗಿ ಏನೂ ತೊಂದ್ರೆ ಇಲ್ಲ, ಶಿಯಾವ್ ಚೀ" ಎಂದು, ಕಿರಿಯಳನ್ನು ಕರೆಯುವ ಸಲುಗೆಯಲ್ಲಿ, ಎಷ್ಟು ಅಕ್ಕರೆಯಿಂದ ನುಡಿದರೆಂದರೆ, "ತಾತ್ವಿಕವಾಗಿ" ಎಂದರೆ "ಆಗದು" ಎಂದೇ ತಿಳಿಯುವ ನಮ್ಮ ಕಚೇರಿಯಲ್ಲಿ ಪಳಗಿದ ನಾನು ಕೂಡಲೇ ಕೋಟು ಕಳಚಿ ಮತ್ತೆ ಕುಳಿತೆ. ಎಂಗ್‌ಸ್ಟ್ರಾಂ ಅವರಿಗೆ ಆಶ್ಚರ್ಯ: "ಒಪ್ಕೊಂಡ್ರಲ್ಲ ಮೇಡಂ, ಇನ್ನೂ ಯಾಕೆ ಕೂತಿದೀರಿ?" ನಾನು ಎದ್ದೆ. "ಅದು ನಿಮ್ಮ ಹಕ್ಕು, ಅದಕ್ಕೆ ನನ್ನ ಪೂರ್ತಿ ಬೆಂಬಲ ಇದೆ" ಎಂದು ಎದೆಯ ಮೇಲೆ ಕೈಯಿಟ್ಟು ಸಾರಿದ ಅವರು, ಕೈ ತೆಗೆಯುವ ಮೊದಲೇ "ಇದೊಂದು ವಾಕ್ಯ ಮುಗಿಸಿಬಿಡೋಣ" ಎಂದರು. ನಾನು ಕುಳಿತೆ.

ಆ ವಾಕ್ಯ ಮಾನವ ಹಕ್ಕಿನದು. ಚೂ ಅವರ ಪ್ರಕಾರ ಹಕ್ಕೆಂದರೆ ಮೊದಲು ಹೊಟ್ಟೆಗೆ ಅನ್ನ, ತಲೆಯ ಮೇಲೊಂದು ಸೂರು, ಮಿಕ್ಕದ್ದು ಬಿಡುವಾದಾಗ. ಎಂಗ್‌ಸ್ಟ್ರಾಂ ಅವರ ಪ್ರಕಾರ ಮೊದಲು ಬಾಯಿಬಿಟ್ಟು ಮಾತಾಡುವ ಸ್ವಾತಂತ್ರ್ಯ. ಅನ್ನದ ವಿಚಾರ ಬೇರೊಂದು ಸಮಿತಿಯದು. ಇನ್ನು "ಪರಸ್ಪರ ಗೌರವ" ಎಂದು ಒಬ್ಬರು ಹೇಳಿದರೆ ನಮ್ಮ ಮನೆಯ ವಿಷಯ ನಿಮಗೇಕೆ ಎಂದು, ಇನ್ನೊಬ್ಬರು ಹೇಳಿದರೆ ಕೇಳಿದ್ದಕ್ಕೆ ಉತ್ತರ ಕೊಡಿ ಎಂದು ಅರ್ಥ. ಪದ ಕಿವಿಗೆ ಬಿದ್ದೊಡನೆ ಇಬ್ಬರೂ ತಲೆಯಾಡಿಸುತ್ತೀರಿ. ಇಂಥ ಸಾಮರಸ್ಯವನ್ನು ನಾನು ಒಳ್ಳೆಯ ದಾಂಪತ್ಯಗಳಲ್ಲೂ ಕಂಡಿಲ್ಲ.

ಗುರುವಾರ ನಾನು ಫೋನಿಗೆ ಓಗೊಡದ್ದನ್ನು ಕಂಡು ನನ್ನ ಅತ್ತೆಯವರು ಮಗುವನ್ನು ಹತ್ತಿಯ ಕೋಟಿನಲ್ಲಿ ಸುತ್ತಿಕೊಂಡು ಮೆಟ್ರೋ ಹತ್ತಿ ಬಂದೇಬಿಟ್ಟರು. ತಮ್ಮ ಪರವಾನಗಿ ಎಲ್ಲಿ, ಯಾವ ಕಡೆಯವರು ಎಂದು ಕಾವಲುಗಾರ ಕೇಳಿದ್ದಕ್ಕೆ, "ಯಾವ ದೇಶದ ಕಡೆಯೋಳೂ ಅಲ್ಲಪ್ಪ, ಇವಳ ಹೊಟ್ಟೆ ಕಡೆಯೋಳು, ಪಕ್ಕಕ್ಕೆ ಸರಿ" ಎಂದರಂತೆ. ಮಗಳ ಕೂಗು ಎರಡು ಬಾಗಿಲು ದಾಟಿ ಒಳಬಂದಾಗ ಚೂ ಅವರು "ಪಾಪ, ಹಸಿದಿದೆ" ಎಂದರು. ಎಂಗ್‌ಸ್ಟ್ರಾಂ ಅವರು "ಏನೋ ಹೇಳ್ತಿದೆ ಕೇಳಿ" ಎಂದರು. ಮಹನೀಯರೇ, ಇಬ್ಬರ ಮಾತೂ ನಿಜ. ಹಸಿದದ್ದಕ್ಕೆ ಕೂಗಿದಳು, ಕೂಗಿದ್ದಕ್ಕೆ ಹಾಲು ಸಿಕ್ಕಿತು. ಇದರಲ್ಲಿ ಯಾವುದು ಮೊದಲೆಂದು ಅವಳನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಕೋಟು ನೇತುಹಾಕುವ ಕೋಣೆಯಲ್ಲಿ ಹಾಲೂಡಿಸಿ ಬಂದು ನೋಡುತ್ತೇನೆ, ತಾವಿಬ್ಬರೂ ದುಭಾಷಿಯ ಹಂಗಿಲ್ಲದೆ ಮೊಬೈಲಿನಲ್ಲಿ ಮೊಮ್ಮಕ್ಕಳ ಚಿತ್ರ ತೋರಿಸಿಕೊಂಡು ನಗುತ್ತಿದ್ದಿರಿ! ನಾನು ಕುಳಿತೊಡನೆ ಎರಡೂ ಮುಖಗಳು ಬಿಗಿದವು. ಚರ್ಚೆ ಸೋಮವಾರಕ್ಕೆ ಹೋಯಿತು. ಮಧ್ಯಾಹ್ನ ಮೂರಕ್ಕೆ.

ಆದುದರಿಂದ, ನನ್ನ ಮಗಳಿಗೆ ಸಭೆಯಲ್ಲಿ ವೀಕ್ಷಕಿಯ ಸ್ಥಾನವನ್ನೂ ಅತ್ತೆಯವರಿಗೆ ವಿಶೇಷ ದೂತೆಯ ಪದವಿಯನ್ನೂ ದಯಪಾಲಿಸಿ, ಮಗುವಿನ ಅಳುವನ್ನು ನಡಾವಳಿಯಲ್ಲಿ "ನೇರ ಹಾಗೂ ಮುಕ್ತ ಅಭಿಪ್ರಾಯ ವಿನಿಮಯ" ಎಂದು ನಮೂದಿಸಬೇಕಾಗಿ ವಿನಂತಿ. ಅಷ್ಟು ಸಾಧ್ಯವಾಗದಿದ್ದರೆ, ಮೂರರಿಂದ ನಾಲ್ಕರವರೆಗೆ ಉಭಯ ದೇಶಗಳೂ ತಂತಮ್ಮ ಭಾಷೆಯಲ್ಲಿ ಸುಮ್ಮನಿದ್ದರೂ ಸಾಕು.

ಇಬ್ಬರಿಗೂ ಸಮಪಾಲಾಗಿ ಹಂಚಿಹೋಗಿರುವ,
ತಮ್ಮ ವಿಶ್ವಾಸಿ,
ಚೀ ವಾನ್‌ಚಿಂಗ್

ವಿ.ಸೂ.: ಈ ಪತ್ರವನ್ನು ಚೀನೀ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದಿದ್ದೇನೆ, ನಮ್ಮ ವೃತ್ತಿಯ ಪದ್ಧತಿಯಂತೆ ಎರಡೂ ಸಮಾನ ಅಧಿಕೃತ. ಒಂದರಲ್ಲಿ ಸೋಮವಾರ ಮೂರಕ್ಕೆ ಮನೆಗೆ ಹೋಗಲು ಅಪ್ಪಣೆ ಬೇಡಿದ್ದೇನೆ, ಇನ್ನೊಂದರಲ್ಲಿ ಹೋಗುತ್ತೇನೆಂದು ತಿಳಿಸಿದ್ದೇನೆ. ಯಾವುದು ಯಾವುದರಲ್ಲಿದೆ ಎಂಬುದನ್ನು ತಾವಿಬ್ಬರೂ ನಿಧಾನವಾಗಿ ಕುಳಿತು ಚರ್ಚಿಸಬಹುದು. ಆ ಹೊತ್ತಿಗೆ ದುಭಾಷಿ ಮನೆ ಸೇರಿರುತ್ತಾಳೆ.